ಸೀನನ ಗಾಡಿ ಬದಲಾಯಿಸೋಕೆ ಹೊರಟಿದ್ದು

ಸೀನನ ಕಾರು ಒಂದೇ ತಿಂಗಳಲ್ಲಿ ಮೂರನೇ ಸಲ ಕೈಕೊಟ್ಟಾಗ ನಾವೆಲ್ಲ ಅದರ ಸುತ್ತ ನಿಂತಿದ್ದೆವು, ರೋಗಿಯ ಮಂಚದ ಸುತ್ತ ನೆಂಟರು ನಿಂತ ಹಾಗೆ. ಕೀ ತಿರುಗಿಸಿದರೆ ಬರೀ ಟಕ್ ಟಕ್ ಟಕ್.

"ಬ್ಯಾಟರಿ ಹೋಗಿದೆ ಕಣೋ," ಅಂದ ಮಂಜ.

"ಹೋದ ವಾರ ತಾನೇ ಹೊಸದು ಹಾಕ್ಸಿದ್ದು!"

ತಳ್ಳಿ ಸ್ಟಾರ್ಟ್ ಮಾಡಿದೆವು. ಗಿರಿಜಕ್ಕ ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಿಡಿದರು. "ಇಂಜಿನ್ ಓಡ್ತಿರುವಾಗ 14 ವೋಲ್ಟ್ ಆಸುಪಾಸು ಇರ್ಬೇಕು. ಇಲ್ಲಿ 12 ದಾಟ್ತಿಲ್ಲ. ಬ್ಯಾಟರಿಗೆ ಚಾರ್ಜ್ ತುಂಬೋ ನಿನ್ನ ಆಲ್ಟರ್ನೇಟರ್ ಮಲಗಿದೆ. ದುಡಿಯೋನು ಮಲಗಿರುವಾಗ ತಿಜೋರಿ ಬದಲಾಯಿಸಿ ಏನು ಬಂತೋ?"

"ಮಾರಿಬಿಡು," ಅಂದೆ ನಾನು.

"ಹೇಗೆ ಮಾರ್ಲಿ? ಈಗ ತಾನೇ ಬ್ಯಾಟರಿ ಹಾಕ್ಸಿದೀನಿ."

ಇದು ಸೀನನ ಹಳೇ ರಾಗ. ಮೊದಲು ಹೊಸ ಟೈರ್ ಹಾಕಿಸಿದ್ದಾನೆ ಅಂತ ಮಾರಲಿಲ್ಲ. ಟೈರಿಗೆ ಮರ್ಯಾದೆ ಕೊಟ್ಟು ಕ್ಲಚ್ ಹಾಕಿಸಿದ. ಕ್ಲಚ್ಚಿನ ಮುಖ ನೋಡಿ ರೇಡಿಯೇಟರ್. ಈಗ ಬ್ಯಾಟರಿಯ ಸರದಿ. ಬಿಡಿಭಾಗಗಳೆಲ್ಲ ಹೊಸವು, ಗಾಡಿ ಮಾತ್ರ ಹಳೇದು.

ಮಂಜನಿಗೆ ಚರಿತ್ರೆ ನೆನಪಾಯಿತು. "ಕೆಟ್ಟ ತಕ್ಷಣ ಬಿಟ್ಟುಬಿಡೋದಾ? 1888ರಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ, ಅವನು ಮಾಡಿದ ಮೂರು ಗಾಲಿ ಗಾಡೀಲಿ ಇಬ್ಬರು ಮಕ್ಕಳನ್ನ ಕೂರಿಸ್ಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು ನೂರು ಕಿಲೋಮೀಟರ್ ಹೋದಳು. ಇಂಧನದ ಕೊಳವೆ ಕಟ್ಕೊಂಡಾಗ ಟೋಪಿ ಪಿನ್ನಲ್ಲಿ ಚುಚ್ಚಿ ಬಿಡಿಸಿದಳು. ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯೋರ ಹತ್ರ ಚರ್ಮ ಹೊಡೆಸಿದಳು!"

"ಅವಳಿಗೆ ಬೇರೆ ಗಾಡಿ ಎಲ್ಲಿತ್ತು? ಪಕ್ಕದಲ್ಲೊಂದು ಷೋರೂಮ್ ಇದ್ದಿದ್ರೆ ಪಿನ್ನು ಟೋಪೀಲೇ ಇರ್ತಿತ್ತು," ಅಂದರು ಗಿರಿಜಕ್ಕ.

ಸರಿ, ಯಾವುದು ತಗೋಳೋದು? ಇಲ್ಲಿಂದ ಶುರುವಾಯಿತು ಪುರಾಣ. ಗಾಡಿ ವಿಷಯದಲ್ಲಿ ಸಲಹೆ ಕೊಡೋರೆಲ್ಲ ಕೊನೆಗೆ ಹೇಳೋದು ಅವರವರ ಗಾಡಿ ಹೆಸರನ್ನೇ, ನಾನೂ ಸೇರಿದಂತೆ. ಮಂಜ ಎಲೆಕ್ಟ್ರಿಕ್ ಇಟ್ಟಿದ್ದಾನೆ. "ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಕೆಡೋಕೆ ಅಲ್ಲಿ ಏನಿದೆ ಹೇಳು?"

"ನಮ್ಮನೆ ಮೂರನೇ ಮಹಡಿ. ಚಾರ್ಜ್ ಮಾಡೋಕೆ ಕಿಟಕಿಯಿಂದ ವೈರ್ ಇಳಿಬಿಡ್ಲಾ?"

ನಾನು ಏಳು ಸೀಟಿನ ಗಾಡಿ ಅಂದೆ. ನೆಂಟರು ಬಂದಾಗ ಬೇಕಾಗುತ್ತಲ್ಲ!

"ವರ್ಷಕ್ಕೊಂದು ಸಲ ಬರೋ ನೆಂಟರಿಗೋಸ್ಕರ ವರ್ಷವಿಡೀ ಖಾಲಿ ಸೀಟು ಹೊತ್ಕೊಂಡು ತಿರುಗ್ಬೇಕಾ?" ಅಂದರು ಗಿರಿಜಕ್ಕ. "ಸೀನ, ದಿನಾ ಎಷ್ಟು ಓಡಿಸ್ತೀಯ?"

"ಹನ್ನೆರಡು ಕಿಲೋಮೀಟರ್."

"ಜೊತೆಗೆ ಯಾರಿರ್ತಾರೆ?"

"ಟಿಫಿನ್ ಡಬ್ಬಿ."

"ಹಾಗಾದ್ರೆ ನಿಂಗೆ ಬೇಕಾಗಿರೋದು ಸ್ಕೂಟರ್."

ಸೀನನ ಮುಖ ಸಣ್ಣದಾಯಿತು. ಬುದ್ಧಿಮಾತು ಇಷ್ಟು ಅಗ್ಗವಾಗಿ ಸಿಕ್ಕರೆ ಯಾರು ತಗೋತಾರೆ? ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡೋದು ಅಂತ ತೀರ್ಮಾನವಾಯಿತು. ರಾತ್ರಿಯೆಲ್ಲ ಬ್ಯಾಟರಿ ಚಾರ್ಜಿಗಿಟ್ಟು ಮರುದಿನ ಸೀನನ ಕಾರಲ್ಲೇ ಹೊರಟೆವು.

ಮಾರುವವನು ಗಾಡಿ ತೊಳೆದು ಫಳಫಳ ಹೊಳೆಯಿಸಿ ನಿಲ್ಲಿಸಿದ್ದ. ನಮ್ಮ ಸೀನ ಬಣ್ಣ ನೋಡಿಯೇ ಅರ್ಧ ಒಪ್ಪಿಬಿಟ್ಟ. ಗಿರಿಜಕ್ಕ ಮಾತಾಡದೆ ಬಾನೆಟ್ ಮೇಲೆ ಅಂಗೈ ಇಟ್ಟರು. ಬಿಸಿ.

"ನಾವು ಬರೋಕೆ ಮುಂಚೇನೇ ಓಡಿಸಿದ್ರಾ?"

"ಸುಮ್ನೆ... ಒಂದು ರೌಂಡ್."

"ಬೆಳಗ್ಗೆ ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತೆ ಅಂತ ನೋಡೋಕೇ ನಾವು ಬಂದಿದ್ದು," ಅಂತ ಬಾಗಿಲು ತೆಗೆದರು. ಮೀಟರಿನಲ್ಲಿ 30,000 ಕಿಲೋಮೀಟರ್. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಗೆರೆಯೆಲ್ಲ ಅಳಿಸಿಹೋಗಿ ಹೊಳೆಕಲ್ಲಿನ ಹಾಗೆ ನುಣ್ಣಗಿತ್ತು. ಆಮೇಲೆ ಸೀಟ್ ಬೆಲ್ಟ್ ಹಿಡಿದು ಎಳೆದರು. ಎಳೆದರು, ಇನ್ನೂ ಎಳೆದರು. ಕೊನೆಯ ಮೊಳದಲ್ಲಿ ಒಣಗಿದ ಕೆಸರಿನ ಪಟ್ಟೆ. ಸೀಟು, ಮ್ಯಾಟು ಎಲ್ಲ ಬದಲಾಯಿಸಿದವನಿಗೆ ಬೆಲ್ಟಿನ ಬುಡ ನೆನಪಾಗಿರಲಿಲ್ಲ.

"ನೀರಲ್ಲಿ ಮುಳುಗಿತ್ತಾ?"

"ಚೆನ್ನಾಗಿ ತೊಳೆದಿದ್ದೀವಿ ಮೇಡಂ," ಅಂದ ಅವನು.

ಬೇಡ ಅಂತ ಹೇಳಿ ನಮ್ಮ ಗಾಡಿ ಹತ್ತಿದೆವು. ಸೀನ ಕೀ ತಿರುಗಿಸಿದ. ಟಕ್ ಟಕ್ ಟಕ್.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ಪುಣ್ಯಾತ್ಮನೇ ಮುಳುಗಿ ಎದ್ದ ತನ್ನ ಕಾರನ್ನು ನಮ್ಮದರ ಮೂತಿಗೆ ಮೂತಿ ತಂದು ನಿಲ್ಲಿಸಿ, ಕೇಬಲ್ ಹಾಕಿದ. ಕೆಂಪು ಎರಡೂ ಕಡೆ ಪ್ಲಸ್ಸಿಗೆ, ಕಪ್ಪು ತನ್ನ ಮೈನಸ್ಸಿಗೆ, ಅದರ ಇನ್ನೊಂದು ತುದಿ ನಮ್ಮ ಇಂಜಿನ್ನಿನ ಲೋಹಕ್ಕೆ. ಒಂದೇ ಏಟಿಗೆ ಗಾಡಿ ಎದ್ದಿತು.

ಕೇಬಲ್ ಸುತ್ತುತ್ತಾ ಅವನು ಕಿಟಕಿಗೆ ಬಗ್ಗಿದ. "ಸರ್, ಇದನ್ನ ಕೊಡೋ ಯೋಚನೆ ಇದ್ರೆ ಹೇಳಿ. ಟೈರ್, ಬ್ಯಾಟರಿ ಎಲ್ಲ ಹೊಸದಿದೆ."

"ಛೆ ಛೆ, ಇದು ಮನೆ ಗಾಡಿ," ಅಂದ ಸೀನ.