8 ಮಕ್ಕಳು ಹೊರಟರೆ ಉಳಿದ 18 ಮಕ್ಕಳ ಹಾಕಿ ಏನಾಗುತ್ತೆ? ಸಣ್ಣ ಊರಿನವರು ಹೇಳಿ

ಎಡಬದಿ ವಿಂಗ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಸಣ್ಣ ಊರು. ನಾನು ಕಾಫಿ ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದೇನೆ. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ತಂಡಕ್ಕೆ ಆಡಿದ್ದೆ. 6 ವರ್ಷದಿಂದ, ವಾರಕ್ಕೆ 4 ದಿನ, ಬೆಳಿಗ್ಗೆ ಆರೂಕಾಲರಿಂದ ಎಂಟರವರೆಗೆ ಊರಿನ ಮಕ್ಕಳಿಗೆ ಹಾಕಿ ಹೇಳಿಕೊಡುತ್ತಿದ್ದೇನೆ. ಫೀಸು ಇಲ್ಲ. ಈಗ 26 ಮಕ್ಕಳಿದ್ದಾರೆ, ಅದರಲ್ಲಿ 9 ಹುಡುಗಿಯರು. ಹೆಚ್ಚಿನವರು ಲೈನ್ ಮನೆಗಳ, ಅಂದ್ರೆ ಎಸ್ಟೇಟ್ ಕಾರ್ಮಿಕರ ಸಾಲು ಮನೆಗಳ ಮಕ್ಕಳು, ಇನ್ನು ಕೆಲವರು ಪೇಟೆಯ ಅಂಗಡಿಯವರ ಮಕ್ಕಳು.

ವಿಷಯ ಏನಂದ್ರೆ, ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ಒಂದು ಖಾಸಗಿ ಅಕಾಡೆಮಿ ಇದೆ. ಟರ್ಫ್ (ಕೃತಕ ಹುಲ್ಲಿನ ಮೈದಾನ) ಇದೆ, ಒಳ್ಳೆಯ ಕೋಚ್ ಇದ್ದಾರೆ. ಕಳೆದ ತಿಂಗಳು ಅವರು ಬಂದು ಮಕ್ಕಳ ಆಟ ನೋಡಿ 8 ಜನರನ್ನು ಆರಿಸಿದರು. ಎಲ್ಲರೂ 12, 13 ವರ್ಷದವರು. ಅಲ್ಲೇ ಶಾಲೆಗೆ ಸೇರಿಸಿ, ಹಾಸ್ಟೆಲಲ್ಲಿ ಇಟ್ಟು ಬೆಳೆಸುತ್ತಾರಂತೆ. ಮೊದಲ ವರ್ಷ ಅರ್ಧ ಫೀಸು. ಅಪ್ಪ ಅಮ್ಮಂದಿರು ನನ್ನ ಹತ್ರ ಬಂದು, "ಸರ್, ಕಳಿಸೋದಾ ಬೇಡ್ವಾ, ನೀವೇ ಹೇಳಿ" ಅಂತ ಕೇಳುತ್ತಿದ್ದಾರೆ. ಬರುವ ಭಾನುವಾರ ಸಭೆ ಇದೆ.

ಆ ಎಂಟೂ ಮಕ್ಕಳು ಚೆನ್ನಾಗಿ ಆಡುತ್ತಾರೆ, ಅದು ನಿಜ. ನಮ್ಮ ಸೋಮವಾರಪೇಟೆಯಿಂದಲೇ ಅರ್ಜುನ್ ಹಾಲಪ್ಪ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸಿಗೆ ಹೋದರು. ಎಸ್.ವಿ. ಸುನಿಲ್ 2012 ಮತ್ತು 2016, ಎರಡು ಒಲಿಂಪಿಕ್ಸ್ ಆಡಿದರು. ಹೀಗಿರುವಾಗ ಯಾವ ಮಗುವಿನ ದಾರಿಗೂ ನಾನು ಅಡ್ಡ ನಿಲ್ಲಬಾರದು.

ಆದರೆ ಉಳಿದವರ ಚಿಂತೆ ನನ್ನನ್ನು ಬಿಡುತ್ತಿಲ್ಲ. ಮೊನ್ನೆ ನಡೆದದ್ದು ಹೇಳುತ್ತೇನೆ. ಮಳೆ ನಿಂತರೂ ನಮ್ಮ ಮೈದಾನ ಇನ್ನೂ ಕೆಸರು. ಅದಕ್ಕೆ ನಮ್ಮ ಸಾಹುಕಾರರ ಕಾಫಿ ಒಣಗಿಸುವ ಕಣದಲ್ಲಿ ಆಡಿಸುತ್ತಿದ್ದೇನೆ. ಸಿಮೆಂಟಿನ ಕಣ, ಸುತ್ತ ಮೊಣಕಾಲೆತ್ತರದ ಕಟ್ಟೆ. ನವೆಂಬರ್ ಕೊನೆಗೆ ಕಾಫಿ ಹಣ್ಣು ಬರುವ ತನಕ ಖಾಲಿ. ಬಾಲು ಟರ್ಫಿನ ಮೇಲೆ ಹೋದ ಹಾಗೆ ನೆಲ ಹಿಡಿದು ಸರ್ ಅಂತ ಹೋಗುತ್ತೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನಿಗೆ ಟ್ರ್ಯಾಪ್, ಅಂದ್ರೆ ಬರುವ ಬಾಲನ್ನು ಸ್ಟಿಕ್ಕಲ್ಲಿ ತಡೆದು ನಿಲ್ಲಿಸೋದು, ಆಗುತ್ತಲೇ ಇರಲಿಲ್ಲ. ಬಾಲು ಪ್ರತಿ ಸಲ ಸ್ಟಿಕ್ಕಿಗೆ ಬಡಿದು ಎಗರಿ ಹೋಗುತ್ತಿತ್ತು. ನಾನು ಮೂರು ಸಲ ಹೇಳಿದೆ, ಅವನಿಗೆ ಹತ್ತಲಿಲ್ಲ. ಆಗ ಏಳನೇ ಕ್ಲಾಸಿನ ಹುಡುಗಿ, ಆರಿಸಿದ ಎಂಟರಲ್ಲಿ ಒಬ್ಬಳು, ಅವನ ಹಿಂದೆ ನಿಂತು ಅವನ ಬಲಗೈ ಹಿಡಿದು ಸಡಿಲ ಮಾಡಿದಳು. "ಗಟ್ಟಿ ಹಿಡೀಬೇಡ. ಬಾಲು ಬರೋವಾಗ ಸ್ಟಿಕ್ಕನ್ನ ಸ್ವಲ್ಪ ಹಿಂದಕ್ಕೆ ಬಿಡು, ಮೊಟ್ಟೆ ಹಿಡಿದ ಹಾಗೆ" ಅಂದಳು. ಮುಂದಿನ ಬಾಲು ಟಕ್ ಅಂತ ಸ್ಟಿಕ್ಕಿಗೆ ಅಂಟಿಕೊಂಡು ನಿಂತಿತು. ಅವನ ಮುಖ ನೋಡಬೇಕಿತ್ತು ನೀವು.

ಆ ಎಂಟು ಜನ ಹೋದರೆ ಇದನ್ನೆಲ್ಲ ಹೇಳಿಕೊಡೋರು ಯಾರು? ಹನ್ನೆರಡರ ಮೇಲಿನವರು ಆರೇ ಮಂದಿ ಉಳಿಯುತ್ತಾರೆ. 11 ಜನರ ತಂಡ ಆಗೋದಿಲ್ಲ. ತಂಡ ಇಲ್ಲ ಅಂದ್ರೆ ಪಂದ್ಯ ಇಲ್ಲ. ಪಂದ್ಯ ಇಲ್ಲ ಅಂದ್ರೆ ಚಿಕ್ಕವರು ಎರಡು ತಿಂಗಳಲ್ಲಿ ಕ್ರಿಕೆಟ್ ಬ್ಯಾಟ್ ಹಿಡಿಯುತ್ತಾರೆ.

ಕೊಡಗಿನಲ್ಲಿ ಹಾಕಿಗೇನು ಕಡಿಮೆ ಅಂತ ಹೊರಗಿನವರು ಕೇಳಬಹುದು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆ ಆಯಿತು. ನಾನೂ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ. ಆದರೆ ಅದು ಕುಟುಂಬಗಳ ಹಬ್ಬ, ಬೇಸಿಗೆಯ ಹಬ್ಬ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿ ಆಡೋರಲ್ಲ, ನೋಡೋರು. ಅವರಿಗೆ ಜೂನಿಂದ ಮಾರ್ಚ್ ತನಕ ಊರಲ್ಲೇ ಆಡೋದಕ್ಕೆ ಏನು ಮಾಡಲಿ? ಭಾನುವಾರ ಆ ಅಪ್ಪ ಅಮ್ಮಂದಿರಿಗೆ ಏನು ಹೇಳಲಿ?

ಹಳೇ ಫುಲ್‌ಬ್ಯಾಕ್ ಬರೆದದ್ದು:

ತಮ್ಮಾ, ಮೊದಲು ಒಂದು ಮಾತು. ಹೋಗಬೇಡಿ ಅಂತ ಯಾರಿಗೂ ಹೇಳಬೇಡ. ನಿನ್ನ ಮಾತು ಕೇಳಿ ಉಳಿದ ಮಗು ನಾಳೆ ಎಲ್ಲೂ ಸೆಲೆಕ್ಟ್ ಆಗದಿದ್ರೆ ಆ ನೋವು ನಿನ್ನ ತಲೆ ಮೇಲೆ ಇರುತ್ತೆ.

ನನಗೆ 64 ವರ್ಷ, ಬ್ಯಾಂಕ್ ತಂಡಕ್ಕೆ ಆಡಿದವನು. ನಾವು ಚಿಕ್ಕವರಿದ್ದಾಗ ಕೋಚಿಂಗ್ ಅಂತ ಏನೂ ಇರಲಿಲ್ಲ. ಸಂಜೆ ಪಂದ್ಯ ಇರುತ್ತಿತ್ತು, ಅಷ್ಟೇ. ಈ ಎಸ್ಟೇಟಿನವರು, ಆ ಊರಿನವರು. ಸೋತವರು ಮುಂದಿನ ವಾರ ಮತ್ತೆ ಬರುತ್ತಿದ್ದರು. ನೀನು 4 ದಿನ ಅಭ್ಯಾಸ ಮಾಡಿಸುತ್ತೀಯಲ್ಲ, ಅದರಲ್ಲಿ ಒಂದು ದಿನ ಬಿಟ್ಟು ಭಾನುವಾರ ಪಂದ್ಯ ಇಡು. 11 ಜನ ಯಾಕೆ ಬೇಕು? ಐದೈದು ಜನ ಸಾಕು. ಐದು ಜನರ ಹಾಕಿಯನ್ನು ಈಗ ಅಂತರರಾಷ್ಟ್ರೀಯ ಫೆಡರೇಶನ್ನೇ ಆಡಿಸುತ್ತೆ. 2024ರಲ್ಲಿ ಒಮಾನ್‌ನ ಮಸ್ಕತ್‌ನಲ್ಲಿ ಅದರ ವಿಶ್ವಕಪ್ಪೂ ಆಯಿತು. ಚಿಕ್ಕ ಜಾಗ, ಸುತ್ತ ಕಟ್ಟೆ, ಬಾಲು ಹೊರಗೆ ಹೋಗೋದೇ ಇಲ್ಲ. ನಿನ್ನ ಕಾಫಿ ಕಣ ಅದಕ್ಕೇ ಮಾಡಿಸಿದ ಹಾಗಿದೆ. ಒಂದೇ ಎಚ್ಚರ, ಜೂನಿಂದ ಸೆಪ್ಟೆಂಬರ್ ಅಲ್ಲಿ ಕಾಲಿಡಬೇಡ. ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಜಾರಿ ಬಿದ್ದರೆ ಮಣಿಕಟ್ಟು ಮುರಿಯುತ್ತೆ. ನಾನು ಕಣ್ಣಾರೆ ನೋಡಿದ್ದೇನೆ.

ಮಣ್ಣಲ್ಲಿ ಕಲಿತವನು ಬರೆದದ್ದು:

ಅಣ್ಣ, ನನ್ನದು ಬೇರೆ ಅನುಭವ. ಕೋಪ ಮಾಡಿಕೊಳ್ಳಬೇಡಿ.

ನಾನೂ ನಿಮ್ಮಂಥ ಒಬ್ಬ ಸರ್ ಹತ್ರ ಕಲಿತವನು. 17 ವರ್ಷ ಆಗೋ ತನಕ ಟರ್ಫ್ ಮುಟ್ಟಿರಲಿಲ್ಲ. ಮೊದಲ ಸಲ ಮುಟ್ಟಿದ್ದು ಟ್ರಯಲ್ಸ್ ದಿನ. ಮಣ್ಣಲ್ಲಿ ಬಾಲು ಎಲ್ಲಿ ಎಗರುತ್ತೋ ಅಂತ ಸ್ಟಿಕ್ಕನ್ನು ನೆಟ್ಟಗೆ ಹಿಡಿದು ತಡೆಯೋದು ನಮಗೆ ಅಭ್ಯಾಸ. ಟರ್ಫಲ್ಲಿ ಬಾಲು ಎಗರೋದೇ ಇಲ್ಲ. ಎಲ್ಲರೂ ಸ್ಟಿಕ್ ಮಲಗಿಸಿ ಅಗಲಕ್ಕೆ ತಡೆಯುತ್ತಿದ್ದರು. ನನ್ನ ಪಕ್ಕದಿಂದಲೇ ಮೂರು ಬಾಲು ಹೋಯಿತು. ಹತ್ತು ನಿಮಿಷಕ್ಕೆ ನನ್ನ ಹೆಸರು ಕೂಗಿ ಹೊರಗೆ ಕರೆದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿ ಪೂರ್ತಿ ಟರ್ಫಿಗೆ ಹೋಯಿತು. ನಮ್ಮಂಥ ಊರುಗಳು ಇನ್ನೂ ಹಿಂದೆಯೇ ಇವೆ.

ಊರಲ್ಲಿ ಉಳಿಸಿಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ತಿಂಗಳಿಗೆ ಎರಡು ಸಲವಾದ್ರೂ ಮಕ್ಕಳನ್ನು ಟರ್ಫಿಗೆ ಕರೆದುಕೊಂಡು ಹೋಗಿ. ಇಲ್ಲಾಂದ್ರೆ ಪ್ರೀತಿಯಿಂದಲೇ ಅವರಿಗೆ ನಷ್ಟ ಮಾಡಿದ ಹಾಗೆ ಆಗುತ್ತೆ.

ಗೋಣಿಕೊಪ್ಪದ ಅಮ್ಮ ಬರೆದದ್ದು:

ನಾನು ಆಟಗಾರ್ತಿ ಅಲ್ಲ, ಆಟಗಾರ್ತಿಯ ಅಮ್ಮ. ನನ್ನ ಮಗಳು 11 ವರ್ಷಕ್ಕೆ ಒಂದು ಕಡೆ ಹಾಸ್ಟೆಲಿಗೆ ಸೇರಿದಳು. ಹೆಸರು ಬೇಡ. ಊರೆಲ್ಲ ಸೇರಿ ಕಳಿಸಿಕೊಟ್ಟರು, ಹಾರ ಹಾಕಿದರು. 14 ತಿಂಗಳಿಗೆ ವಾಪಸ್ ಬಂದಳು. ಮೊಣಕಾಲಿನ ಕೆಳಗಿನ ಮೂಳೆ ನೋವು, ರಾತ್ರಿ ಅಳು, ಊಟ ಸೇರುತ್ತಿರಲಿಲ್ಲ. ಅಲ್ಲಿಯವರು ಕೆಟ್ಟವರು ಅಂತ ಹೇಳೋದಿಲ್ಲ. ಅವಳಿಗೆ ಅದು ಬೇಗ ಆಯಿತು, ಅಷ್ಟೇ.

ನನಗೆ ಇವತ್ತಿಗೂ ಸಂಕಟ ಆಗೋದು ಅವಳು ವಾಪಸ್ ಬಂದದ್ದಕ್ಕಲ್ಲ. ಬಂದಾಗ ಇಲ್ಲಿ ಆಡೋದಕ್ಕೆ ತಂಡವೇ ಇರಲಿಲ್ಲ. ಅವಳ ಜೊತೆ ಆಡುತ್ತಿದ್ದ ಹುಡುಗಿಯರು ಬಿಟ್ಟಿದ್ದರು. ನಾಲ್ಕು ದಿನ ಮೈದಾನಕ್ಕೆ ಹೋಗಿ ಸುಮ್ನೆ ಗೋಡೆಗೆ ಬಾಲು ಹೊಡೆದು ಬಂದಳು. ಐದನೇ ದಿನ ಸ್ಟಿಕ್ಕನ್ನು ಬೀರುವಿನ ಮೇಲೆ ಇಟ್ಟಳು. ಈಗ ಅವಳಿಗೆ 16. ಸ್ಟಿಕ್ ಅಲ್ಲೇ ಇದೆ.

ನೀವು ಸಭೆಯಲ್ಲಿ ಕಳಿಸಿ ಅಂತಾದ್ರೂ ಹೇಳಿ, ಬೇಡ ಅಂತಾದ್ರೂ ಹೇಳಿ ಸರ್. ಆದರೆ ಹೋಗುವ ಮಗುವಿನ ಹೆಸರನ್ನು ನಿಮ್ಮ ಹಾಜರಿ ಪುಸ್ತಕದಿಂದ ಹೊಡೆದು ಹಾಕಬೇಡಿ. ರಜೆಯಲ್ಲಿ ಬಂದಾಗ ನಿಮ್ಮ ಕಣದಲ್ಲಿ ಅವಳಿಗೆ ಜಾಗ ಇದೆ ಅಂತ ಅವಳಿಗೆ ಗೊತ್ತಿರಲಿ.

ಪಿ.ಟಿ. ಮೇಷ್ಟ್ರು ಬರೆದದ್ದು:

ಎಲ್ಲರ ಮಾತೂ ಸರಿ ಇದೆ. ನಾನು ಶಾಲೆಯ ಕಡೆಯಿಂದ ಒಂದಷ್ಟು ಹೇಳುತ್ತೇನೆ.

ಮಗು ಯಾವ ಶಾಲೆಯಲ್ಲಿ ದಾಖಲಾಗಿದೆಯೋ ಆ ಶಾಲೆಗೇ ಆಡಬೇಕು. ಟಿ.ಸಿ. ಹೋಯಿತು ಅಂದ್ರೆ ನಿಮ್ಮ ಊರಿನ ಶಾಲೆಯ ತಂಡವೂ ಹೋಯಿತು. ಹಾಗಾಗಿ ಅಕಾಡೆಮಿಯವರ ಹತ್ರ ಬೇರೆ ಥರ ಮಾತಾಡಿ. ಹಾಸ್ಟೆಲ್ ಬೇಡ, ಟಿ.ಸಿ. ಬೇಡ, ಶನಿವಾರ ಭಾನುವಾರ ಮಾತ್ರ ಬರುತ್ತೇವೆ ಅಂತ ಕೇಳಿ. ಎಂಟು ಜನ ಬೇಕು ಅಂತ ಅವರೇ ಬಂದಿದ್ದಾರೆ, ಆದ್ದರಿಂದ ಕೇಳೋದಕ್ಕೆ ನಿಮಗೆ ಹಕ್ಕಿದೆ. ಹತ್ತನೇ ಕ್ಲಾಸ್ ಮುಗಿದ ಮೇಲೆ ಪೂರ್ತಿ ಹೋಗಲಿ. ಸರ್ಕಾರದ ದಾರಿಯನ್ನೂ ಮರೆಯಬೇಡಿ, ಕೂಡಿಗೆಯಲ್ಲಿ ಕ್ರೀಡಾ ಶಾಲೆ ಇದೆ, ಮಡಿಕೇರಿಯಲ್ಲಿ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ.

ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಇದೇ ಮುಖ್ಯ. ಚಿಕ್ಕ ಮಕ್ಕಳಿಗೆ ಅಣ್ಣನ ಹಳೇ ಸ್ಟಿಕ್ ಕೊಡಬೇಡಿ. 36 ಇಂಚಿನ ಸ್ಟಿಕ್ ಹಿಡಿದ ಎಂಟು ವರ್ಷದ ಮಗು ಬಗ್ಗೋದೇ ಇಲ್ಲ, ನೆಟ್ಟಗೆ ನಿಂತು ದೊಣ್ಣೆ ಬೀಸಿದ ಹಾಗೆ ಬೀಸುತ್ತೆ. ಆಮೇಲೆ ತಿದ್ದೋದು ಬಹಳ ಕಷ್ಟ. ನಿಲ್ಲಿಸಿದಾಗ ಸೊಂಟದ ಹತ್ತಿರ ಬರಬೇಕು. ನಮ್ಮ ಶಾಲೆಯಲ್ಲಿ 28, 30, 32, 34 ಇಂಚಿನ ಸ್ಟಿಕ್ಕುಗಳನ್ನು ಶಾಲೆಯದೇ ಅಂತ ಇಟ್ಟಿದ್ದೇವೆ, ಹಿಡಿಯ ಕೆಳಗೆ ಬಣ್ಣದ ಪಟ್ಟಿ. ಮಗು ಬೆಳೆದ ಹಾಗೆ ಕೆಂಪಿಂದ ಹಳದಿಗೆ, ಹಳದಿಯಿಂದ ನೀಲಿಗೆ. ನೀಲಿ ಸಿಗೋ ದಿನ ಅವರಿಗೆ ಹಬ್ಬ. ಗೋಲ್‌ಕೀಪರ್ ಪ್ಯಾಡು, ಹೆಲ್ಮೆಟ್ಟು ಒಂದು ಸೆಟ್ ಊರಿಗೇ ಇರಲಿ, ಮನೆಯವರ ತಲೆಗೆ ಕಟ್ಟಬೇಡಿ. ಕೀಪರ್ ಇಲ್ಲದೆ ಎಷ್ಟೋ ತಂಡ ನಿಂತುಹೋಗೋದನ್ನ ನೋಡಿದ್ದೇನೆ.

ಎಡಬದಿ ವಿಂಗ್ ಮತ್ತೆ ಬರೆದದ್ದು:

ಸಭೆ ಆಯಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಣಿಕೊಪ್ಪದ ಅಕ್ಕ, ನೀವು ಬರೆದದ್ದನ್ನು ನಾನು ಅಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಕಾಡೆಮಿಯವರಿಗೆ ಮೇಷ್ಟ್ರು ಹೇಳಿದ ಹಾಗೆ ಫೋನ್ ಮಾಡಿದೆ. ವಾರದ ಕೊನೆಗೆ ಮಾತ್ರ ಅಂದ್ರೆ ಫೀಸಿನ ರಿಯಾಯಿತಿ ಇಲ್ಲ ಅಂದರು. ಮತ್ತೆ ಎರಡು ಸಲ ಮಾತಾಡಿದ ಮೇಲೆ ತಿಂಗಳಿಗೆ ಎರಡು ಶನಿವಾರ ಟರ್ಫ್ ಕೊಡೋದಕ್ಕೆ ಒಪ್ಪಿದ್ದಾರೆ. ಎಂಟೇ ಜನರಿಗಲ್ಲ, ಜೀಪಲ್ಲಿ ಹಿಡಿಯೋವಷ್ಟು ಮಕ್ಕಳಿಗೆ. ಡೀಸೆಲ್ ಖರ್ಚು ಪೇಟೆಯ ಇಬ್ಬರು ಅಂಗಡಿಯವರು ಹಂಚಿಕೊಂಡಿದ್ದಾರೆ.

ಎಂಟರಲ್ಲಿ ಇಬ್ಬರು ಹಾಸ್ಟೆಲಿಗೆ ಹೋಗುತ್ತಿದ್ದಾರೆ. ಮನೆಯವರು ಯೋಚನೆ ಮಾಡಿಯೇ ತೀರ್ಮಾನ ಮಾಡಿದ್ದಾರೆ. ಆ ಹುಡುಗರಿಗೂ ಆಸೆ ಇದೆ, ನಾನು ಸಂತೋಷದಿಂದಲೇ ಕಳಿಸುತ್ತೇನೆ. ಹಾಜರಿ ಪುಸ್ತಕದಲ್ಲಿ ಹೆಸರು ಹಾಗೇ ಇದೆ. ಆರು ಜನ ಉಳಿದರು. ಮೊಟ್ಟೆ ಹಿಡಿದ ಹಾಗೆ ಅಂದ ಹುಡುಗಿಯೂ ಉಳಿದಳು. ಅವಳ ಅಮ್ಮ ಸಭೆಯಲ್ಲಿ, "ಹತ್ತನೇ ಕ್ಲಾಸ್ ಆಗಲಿ ಸರ್, ಆಮೇಲೆ ನಾನೇ ಬಸ್ ಹತ್ತಿಸುತ್ತೇನೆ" ಅಂದರು.

ಫುಲ್‌ಬ್ಯಾಕ್ ಸರ್, ಭಾನುವಾರದ ಪಂದ್ಯ ಶುರುವಾಗುತ್ತಿದೆ. ಬೆಳಿಗ್ಗೆ ಏಳೂವರೆಗೆ, ಕಾಫಿ ಕಣದಲ್ಲಿ, ಐದೈದು ಜನ, ನಾಲ್ಕು ತಂಡ. ಎರಡು ತಂಡ ನಮ್ಮವು, ಒಂದು ಪಕ್ಕದ ಎಸ್ಟೇಟಿನ ಲೈನ್ ಮಕ್ಕಳದು, ಒಂದು ಕೆಳಗಿನ ಊರಿನ ಶಾಲೆಯದು. ಹಣ್ಣು ಕೊಯ್ಲು ಶುರುವಾಗುವ ಮುಂಚೆ ಆರು ಭಾನುವಾರ ಸಿಗುತ್ತವೆ. ಆಮೇಲೆ ಮೈದಾನ ಒಣಗಿರುತ್ತೆ, ಅಲ್ಲಿಗೆ ಹೋಗುತ್ತೇವೆ. ನೀವು ಒಂದು ವಾರ ಬಂದು ಸೀಟಿ ಊದಬೇಕು.

ಸ್ಟಿಕ್ಕುಗಳನ್ನು ನಿನ್ನೆ ರಾತ್ರಿ ಅಳೆದೆ. 36 ಮತ್ತು 34 ಇಂಚಿನವು ಬೇಕಾದಷ್ಟಿವೆ. 32 ನಾಲ್ಕು, 30 ಒಂದೇ ಒಂದು. 28 ಇಂಚಿನದು ಒಂದೂ ಇಲ್ಲ, ಬೇಕಾಗಿರೋದು ಐದು. ಯಾರ ಮನೆಯಲ್ಲಾದ್ರೂ ಮಕ್ಕಳು ಬೆಳೆದು ಸುಮ್ನೆ ಇಟ್ಟಿರೋ ಸ್ಟಿಕ್ ಇದ್ದರೆ ತಿಳಿಸಿ. ಮಡಿಕೇರಿ, ಕುಶಾಲನಗರ, ಎಲ್ಲಿದ್ದರೂ ಬೈಕಲ್ಲಿ ಬಂದು ತೆಗೆದುಕೊಂಡು ಹೋಗುತ್ತೇನೆ. ಟೇಪು ಸುತ್ತಿದ್ದಾದ್ರೂ ಪರವಾಗಿಲ್ಲ.