ಮಂಗಳೂರಿನಿಂದ ಘಟ್ಟದ ಮೇಲೆ: ಚಳಿಗಾಲದಲ್ಲಿ ಇಬ್ಬರಿಗೆ ಎರಡು ರಾತ್ರಿ

ಕಡಲತಡಿ:
ಡಿಸೆಂಬರ್‌ನಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಮಂಗಳೂರು ಬಿಟ್ಟು ಭಾನುವಾರ ರಾತ್ರಿಯೊಳಗೆ ವಾಪಸ್. ನಾವಿಬ್ಬರೇ, ಸಣ್ಣ ಕಾರು. ಇಲ್ಲಿಯ ಸೆಕೆ ಬಿಟ್ಟು ಎರಡು ದಿನ ಚಳಿ ಕಾಣಬೇಕು. ಆಗುಂಬೆ, ಕುಂದಾದ್ರಿ, ಜೋಗ, ಕೊಡಚಾದ್ರಿ, ಸಕ್ರೆಬೈಲು ಅಂತ ಪಟ್ಟಿ ಮಾಡಿದ್ದೇವೆ. ಇಷ್ಟೂ ಆಗ್ತದಾ ಮಾರ್ರೆ? ಹೋಂಸ್ಟೇ ಹಿಡಿಯುವಾಗ ಏನೇನು ಕೇಳಬೇಕು?

ಗುಡ್ಡೇಕೇರಿ ತಿರುವು:
ಆಗಲ್ಲ. ಐದರಲ್ಲಿ ಮೂರು ಹೊಡೆದುಹಾಕಿ. ಜೋಗಕ್ಕೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬನ್ನಿ. ಮೇಲೆ ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟಿರುವುದರಿಂದ ಡಿಸೆಂಬರ್‌ನಲ್ಲಿ 253 ಮೀಟರ್ ಬಂಡೆಯ ಮೇಲೆ ನಾಲ್ಕು ಎಳೆ ನೀರು ಸಿಕ್ಕರೆ ಪುಣ್ಯ. ಕೊಡಚಾದ್ರಿ ಹತ್ತಿ ಇಳಿಯುವಷ್ಟರಲ್ಲಿ ಒಂದು ದಿನ ಪೂರ್ತಿ ಹೋಗುತ್ತದೆ. ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡುವುದು ಬೆಳಿಗ್ಗೆಯ ಕೆಲಸ, ಶಿವಮೊಗ್ಗದಲ್ಲಿ ಉಳಿಯುವವರಿಗೆ ಸರಿ.

ಆಗುಂಬೆ–ತೀರ್ಥಹಳ್ಳಿ ನಡುವೆ ಒಂದೇ ಮನೆಯಲ್ಲಿ ಎರಡೂ ರಾತ್ರಿ ಉಳಿಯಿರಿ. ಕಾರ್ಕಳ, ಹೆಬ್ರಿ, ಸೋಮೇಶ್ವರ ದಾರಿಯಲ್ಲಿ ಆಗುಂಬೆ ನೂರು ಕಿ.ಮೀ. ಆಸುಪಾಸು, ಮೂರು ಗಂಟೆ ಇಟ್ಟುಕೊಳ್ಳಿ. ಒಂದೂವರೆಗೆ ಹೊರಟರೆ ಹದಿನಾಲ್ಕು ತಿರುವು ಹತ್ತಿ ಐದರೊಳಗೆ ಸೂರ್ಯಾಸ್ತದ ಕಟ್ಟೆ ಮುಟ್ಟುತ್ತೀರಿ. ಡಿಸೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಆರು ದಾಟಿದ ಮೇಲೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಕಮ್ಮಿ, ಐದೂವರೆ ನಂತರ ಬಂದವರು ತಿರುವಿನಲ್ಲೇ ನಿಲ್ಲಿಸಿ ಎಲ್ಲರಿಗೂ ತಾಪತ್ರಯ. ಸಮುದ್ರದ ಗೆರೆ ಕಾಣುವುದು ಗಾಳಿ ತಿಳಿಯಾಗಿದ್ದರೆ ಮಾತ್ರ. ಕರಾವಳಿಯ ಮೇಲೆ ಮಬ್ಬು ಕಟ್ಟಿದ್ದರೆ ಸೂರ್ಯ ಕಡಲಿಗೆ ಇಳಿಯುವ ಮೊದಲೇ ಕೆಂಪು ಬಿಲ್ಲೆಯಾಗಿ ಮಾಯ. ತಿಂಡಿ ಕೈಯಲ್ಲಿ ಹಿಡಿದು ಇಳಿಯಬೇಡಿ, ಮಂಗಗಳಿವೆ.

ಶನಿವಾರ ಬೆಳಗಿನ ಜಾವ ಕುಂದಾದ್ರಿ. ಗುಡ್ಡೇಕೇರಿಯಲ್ಲಿ ತಿರುಗಬೇಕು. ರಸ್ತೆ ಹೆಚ್ಚುಕಡಿಮೆ ತುದಿಯವರೆಗೂ ಇದೆ, ಆದರೆ ಕಡಿದು, ಅಗಲ ಕಮ್ಮಿ. ರಾತ್ರಿಯ ತಣ್ಣನೆ ಗಾಳಿ ಕಣಿವೆಗಿಳಿದು ತೋಟ, ಹೊಳೆಗಳ ಮೇಲೆ ಮಂಜಾಗಿ ಕೂರುತ್ತದೆ. 800 ಮೀಟರ್ ದಾಟಿದ ಕುಂದಾದ್ರಿ ತುದಿಯ ಜೈನ ಬಸದಿಯ ಬಂಡೆ ಅದರ ಮೇಲೆ ಉಳಿಯುತ್ತದೆ. ಹಾಗಾಗಿ ಕೆಳಗೆ ಮಂಜು ದಟ್ಟವಿದೆಯೆಂದು ವಾಪಸ್ ಹೋಗಬೇಡಿ, ಅಂಥ ದಿನವೇ ಮೇಲೆ ಚೆಂದ. ಸೂರ್ಯೋದಯ ಆರೂಮುಕ್ಕಾಲರ ಹೊತ್ತಿಗೆ. ಕಾರಿನ ಹೈಬೀಮ್ ಹಾಕಿದರೆ ಮಂಜು ಬೆಳ್ಳಗೆ ಗೋಡೆಯಾಗಿ ಎದುರು ನಿಲ್ಲುತ್ತದೆ, ಲೋಬೀಮ್‌ನಲ್ಲೇ ನಿಧಾನ ಹೋಗಿ. ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಹಿಂದಿನ ರಾತ್ರಿಯೇ ಮನೆಯವರನ್ನು ಕೇಳಿಟ್ಟುಕೊಳ್ಳಿ.

ಸಂಜೆ ಕುಪ್ಪಳಿ, ತೀರ್ಥಹಳ್ಳಿಯಿಂದ ಹದಿನಾರು–ಹದಿನೆಂಟು ಕಿ.ಮೀ. ಮೊದಲು ಕುವೆಂಪು ಅವರ ಕವಿಮನೆ, ಆಮೇಲೆ ಗುಡ್ಡದ ಮೇಲಿನ ಕವಿಶೈಲ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು, ಹನ್ನೊಂದರಿಂದ ಮೂರರವರೆಗೆ ಬಸ್ಸಿನ ಮಕ್ಕಳೇ ಮಕ್ಕಳು. ನಾಲ್ಕರ ಮೇಲೆ ಬಂಡೆಯ ಮೇಲೆ ಇಬ್ಬರೇ ಕೂರಲು ಜಾಗ ಸಿಗುತ್ತದೆ.

ಬಚ್ಚಲೊಲೆ:
ಮೇಲಿನವರು ಊರು ಸುತ್ತಿಸಿದರು, ನಾನು ಮನೆಯ ವಿಷಯ ಹೇಳುತ್ತೇನೆ. ಡಿಸೆಂಬರ್ ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲ. ಫೋನಿನಲ್ಲಿ ಮೊದಲು ಕೇಳಬೇಕಾದ್ದು ‘ಆ ವಾರ ನಿಮ್ಮಲ್ಲಿ ಸುಲಿಯೋದು ಇದೆಯಾ’ ಅಂತ. ಇದ್ದರೆ ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಲೈಟು ಉರಿಯುತ್ತಿರುತ್ತದೆ, ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತವರ ಮಾತು ನಿಲ್ಲುವುದಿಲ್ಲ, ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ಕೋಣೆಯೊಳಗೂ ಬರುತ್ತದೆ. ಕೆಲವರಿಗೆ ಇದೇ ಖುಷಿ. ಮೌನ ಬೇಕೆನ್ನುವವರು ಬೇರೆ ವಾರ ನೋಡಿ.

ಎರಡನೆಯದು, ಕೋಣೆ ಎಲ್ಲಿದೆ? ಹಳೇ ತೊಟ್ಟಿಮನೆಯಲ್ಲಿ ಮಾಳಿಗೆಯ ಕೋಣೆ ನೋಡಲು ಚೆಂದ, ಆದರೆ ಕಾಲಿಟ್ಟಲ್ಲೆಲ್ಲ ಮುಚ್ಚಿಗೆಯ ಹಲಗೆ ಕಿರ್ ಎನ್ನುತ್ತದೆ, ಪಿಸುಮಾತೂ ಕೆಳಗಿನವರ ಪಾಲು! ಜೋಡಿಗೆ ತೋಟದ ಬದಿಯ ಬೇರೆ ಕೋಣೆಯೇ ಲೇಸು. ಬಚ್ಚಲು ಕೋಣೆಗೆ ಹೊಂದಿಕೊಂಡಿದೆಯೋ ಅಂಗಳ ದಾಟಬೇಕೋ ಎಂಬುದನ್ನೂ ಕೇಳಿ. ಹದಿಮೂರು–ಹದಿನಾಲ್ಕು ಡಿಗ್ರಿಯಲ್ಲಿ ಬೆಳಗಿನ ಐದಕ್ಕೆ ಅಂಗಳ ದಾಟುವುದು ಹುಡುಗಾಟವಲ್ಲ. ಕುಂದಾದ್ರಿಗೆ ಹೊರಡುವವರು ಬೇಗ ಒಲೆ ಹಾಕಿಡಲು ಹೇಳಿ, ಸೋಲಾರ್ ನೀರು ಆ ಹೊತ್ತಿಗೆ ಉಗುರು ಬೆಚ್ಚಗೂ ಇರದು. ಇಬ್ಬರ ಗುರುತಿನ ಚೀಟಿಯೂ ಇರಲಿ. ಹಳ್ಳಿಯಲ್ಲಿ ಸಿಗ್ನಲ್ ಸಿಗದೆ ಫೋನ್‌ಪೇ ಕೈಕೊಡುತ್ತದೆ, ನಗದು ಇಟ್ಟುಕೊಳ್ಳಿ.

ತಪ್ಪಿಸಬೇಕಾದ ದಿನಗಳು: ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ (ಡಿ. 29 ಕುವೆಂಪು ಹುಟ್ಟಿದ ದಿನ, ಕುಪ್ಪಳಿ ತುಂಬಿರುತ್ತದೆ), ಮತ್ತೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ. ಸಂಕ್ರಾಂತಿವರೆಗೆ ಅಯ್ಯಪ್ಪ ಭಕ್ತರಿಂದ ಕೊಲ್ಲೂರು, ಶೃಂಗೇರಿಯಲ್ಲಿ ರೂಮು ಸಿಗುವುದು ಕಷ್ಟ.

ನೊರೆಬೆಲ್ಲ:
ಡಿಸೆಂಬರೇ ಯಾಕೆ? ಜನವರಿ ಕೊನೆಗೆ ಸಾಗರದ ಕಡೆ ಬನ್ನಿ, ಆಲೆಮನೆ ಶುರುವಾಗಿರುತ್ತದೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಎದ್ದ ನೊರೆಬೆಲ್ಲ ಬಿಸಿಬಿಸಿ ತಿನ್ನಬೇಕು. ಹಾಲು ಎರಡು ಲೋಟಕ್ಕೆ ನಿಲ್ಲಿಸಿ, ಮಧ್ಯೆ ಮಂಡಕ್ಕಿ, ಮಿರ್ಚಿ ಇರಲಿ. ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಕೊಲ್ಲೂರಿನಿಂದ ತುಮರಿ ಮೇಲೆ ಬಂದರೆ ಈಗ ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯುವುದಿಲ್ಲ, ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಸಾಗರದಿಂದ ಆರು ಕಿ.ಮೀ. ದೂರದ ಇಕ್ಕೇರಿ ಅಘೋರೇಶ್ವರ ಬಿಡಬೇಡಿ.

ಉಣುಗು:
ಯಾರೂ ಹೇಳದ ಮಾತು. ಮಳೆಗಾಲದ ಇಂಬಳ (ಜಿಗಣೆ) ಹೋದ ಮೇಲೆ ಉಣುಗಿನ (ಉಣ್ಣೆಹುಳದ) ಕಾಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಈಗಲೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸುತ್ತದೆ. ಹೆದರಿ ಮನೆಯಲ್ಲೇ ಕೂರಬೇಕಿಲ್ಲ. ಕಾಡಿನ ಕಾಲುದಾರಿಗೆ ತಿಳಿಬಣ್ಣದ ಉದ್ದ ಪ್ಯಾಂಟ್ ಹಾಕಿ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ; ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಕಪ್ಪು ಬಟ್ಟೆಯ ಮೇಲೆ ಕಾಣದು. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಫೋಟೋಗೆಂದು ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರುವುದು, ಮಲಗುವುದು ಬೇಡವೇ ಬೇಡ. ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಊರಿಗೆ ಮರಳಿದ ಮೇಲೆ ವಾರ–ಹತ್ತು ದಿನದಲ್ಲಿ ಜೋರು ಜ್ವರ, ತಲೆನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಹೇಳಿ. ಮಂಗಳೂರಿನಲ್ಲಿ ಮೊದಲು ಡೆಂಗಿ, ಮಲೇರಿಯಾವನ್ನೇ ಹುಡುಕುತ್ತಾರೆ.

ಕಡಲತಡಿ:
ಪಟ್ಟಿ ಕತ್ತರಿಸಿದೆವು. ಆಗುಂಬೆ, ಕುಂದಾದ್ರಿ, ಕುಪ್ಪಳಿ ಮಾತ್ರ. ಭಾನುವಾರ ಬಂದ ದಾರಿಯಲ್ಲೇ ಇಳಿಯುವುದಾ?

ಗುಡ್ಡೇಕೇರಿ ತಿರುವು:
ಬೇಡ. ಶೃಂಗೇರಿಯಲ್ಲಿ ಮಧ್ಯಾಹ್ನದ ಪ್ರಸಾದ ಮುಗಿಸಿ ಕೆರೆಕಟ್ಟೆ, ಬಜಗೋಳಿ ಮೇಲೆ ಕಾರ್ಕಳಕ್ಕಿಳಿಯಿರಿ. ದಾರಿ ಕಾಡಿನೊಳಗೆ, ಕತ್ತಲಾಗುವ ಮೊದಲೇ ದಾಟಿ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇರಿ, ಬ್ರೇಕ್ ಒತ್ತಿಕೊಂಡೇ ಬಂದರೆ ಸುಟ್ಟ ವಾಸನೆ ಬರುತ್ತದೆ. ಬಂದರೆ ಅಗಲ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ, ಚಕ್ರಕ್ಕೆ ನೀರು ಹೊಯ್ಯಬೇಡಿ.