ಮಗಳನ್ನ ಬೆಂಗಳೂರು ಕಾಮಿಕ್ ಕಾನ್‌ಗೆ ಕರ್ಕೊಂಡು ಹೋಗ್ಬೇಕು, ಹೋಗಿ ಬಂದವರು ಸ್ವಲ್ಪ ಹೇಳ್ತೀರಾ?

ಬೆಣ್ಣೆನಗರಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮಗಳು ಎಂಟನೇ ಕ್ಲಾಸು. ಎರಡು ವರ್ಷದಿಂದ ದಿನಾ ರಾತ್ರಿ ಹೋಂವರ್ಕ್ ಮುಗಿಸಿ ಚಿತ್ರ ಬಿಡಿಸೋಕೆ ಕೂತ್ಕೊಳ್ತಾಳೆ. ದೊಡ್ಡ ಕಣ್ಣು, ಚೂಪು ಗದ್ದ, ಗಾಳಿಗೆ ಹಾರೋ ಕೂದಲು, ಜಪಾನಿನ ಮಾಂಗಾ ಚಿತ್ರಕಥೆ ಥರದ್ದು. ಲಾಂಗ್ ನೋಟ್‌ಬುಕ್ಕು ನಾಲ್ಕು ತುಂಬಿವೆ. ಅವಳದೇ ಒಂದು ಕಥೆ ಇದೆ: ಕುಂದವಾಡ ಕೆರೆ ಹತ್ರ ಇರೋ ಹುಡುಗಿಗೆ ಸಂಜೆಯಾದ್ಮೇಲೆ ಹಕ್ಕಿಗಳ ಮಾತು ತಿಳಿಯುತ್ತೆ ಅಂತ.

ಈ ಸಲ ಕಾಮಿಕ್ ಕಾನ್‌ಗೆ, ಅಂದ್ರೆ ಬೆಂಗಳೂರಲ್ಲಿ ನಡೆಯೋ ಕಾಮಿಕ್ಸ್ ಮೇಳಕ್ಕೆ, ಹೋಗಲೇಬೇಕು ಅಂತ ಹಟ. ನಮ್ಮ ಯಜಮಾನ್ರು, ಬೊಂಬೆ ಪುಸ್ತಕ ನೋಡೋಕೆ ಬೆಂಗಳೂರಿಗೆ ಹೋಗ್ಬೇಕಾ ಅಂತಾರೆ. ನನಗೂ ಇದರ ಬಗ್ಗೆ ಏನೂ ಗೊತ್ತಿಲ್ಲ. ನಮ್ಮ ಅಕ್ಕನ ಮನೆ ವಿಜಯನಗರದಲ್ಲಿದೆ, ಉಳ್ಕೊಳ್ಳೋದಕ್ಕೆ ತೊಂದರೆ ಇಲ್ಲ. ಅಲ್ಲಿ ಏನಿರುತ್ತೆ? ಒಂದು ದಿನ ಸಾಕಾ? ಎಲ್ಲರೂ ಕಾಮಿಕ್ಸ್ ಪಾತ್ರಗಳ ವೇಷ ಹಾಕ್ಕೊಂಡೇ ಹೋಗ್ಬೇಕಾ? ಕನ್ನಡದ ಪುಸ್ತಕ ಸಿಗುತ್ತಾ? ಹೋಗಿ ಬಂದವರು ಹೇಳಿದ್ರೆ ಉಪಕಾರ ಆಗುತ್ತೆ.

ಡ್ರಾಯಿಂಗ್_ಮೇಷ್ಟ್ರು

ಮೇಡಂ, ದಯವಿಟ್ಟು ಕರ್ಕೊಂಡು ಹೋಗಿ. ನಾನು ತುಮಕೂರು ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. 2012ರಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಸಲ ನಡೆದಾಗ ಒಬ್ಬನೇ ಹೋಗಿದ್ದೆ. 2025ರ ಜನವರಿಯಲ್ಲಿ ವೈಟ್‌ಫೀಲ್ಡಿನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದದ್ದಕ್ಕೆ ನಮ್ಮ ಶಾಲೆಯ ಇಬ್ಬರು ಮಕ್ಕಳನ್ನ, ಅವರ ಮನೆಯವರನ್ನ ಒಪ್ಪಿಸಿ ಕರೆದುಕೊಂಡು ಹೋದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರೂ ಒಂಬತ್ತನೇ ತರಗತಿ.

ಮೊದಲೇ ಹೇಳಿಬಿಡ್ತೀನಿ, ಒಳಗೆ ಹೋದ ಕೂಡಲೇ ಕಾಣೋದು ಪುಸ್ತಕ ಅಲ್ಲ. ವಿಡಿಯೋ ಗೇಮ್ ಮಳಿಗೆಗಳು, ಟೀ ಶರ್ಟು, ಬೊಂಬೆ, ಕತ್ತಿ, ಕಿವಿಗಡಚಿಕ್ಕುವ ಸಂಗೀತ. ನಮ್ಮ ಮಕ್ಕಳು ಅರ್ಧ ಗಂಟೆ ನನ್ನ ಕೈ ಬಿಡಲಿಲ್ಲ. ಅದನ್ನೆಲ್ಲ ಒಂದು ಸುತ್ತು ನೋಡಿ ಬಿಟ್ಟುಬಿಡಿ. ನೀವು ಹುಡುಕಿಕೊಂಡು ಹೋಗಬೇಕಾದ್ದು ಕಲಾವಿದರು ಕೂರುವ ಮೇಜುಗಳ ಸಾಲನ್ನ. ಕಾಮಿಕ್ಸ್ ಬರೆದವರು, ಬಿಡಿಸಿದವರು ತಾವೇ ಕೂತು ತಮ್ಮ ಪುಸ್ತಕ ಮಾರ್ತಿರ್ತಾರೆ. ಮೇಜಿನ ಮೇಲೆ ಪ್ರಿಂಟು, ಸ್ಟಿಕ್ಕರು, ಮಧ್ಯೆ ಒಂದು ಜಾಗ ಖಾಲಿ ಮಾಡಿಕೊಂಡು ಅಲ್ಲೇ ಚಿತ್ರ ಬಿಡಿಸ್ತಿರ್ತಾರೆ.

ಒಂದು ಮೇಜಿನ ಹತ್ತಿರ ನಡೆದದ್ದನ್ನ ಹೇಳ್ತೀನಿ. ಅಲ್ಲಿದ್ದ ಕಲಾವಿದರು ಒಂದು ಪ್ಲಾಸ್ಟಿಕ್ ಫೈಲಿನಿಂದ ಮೂಲ ಹಾಳೆ ತೆಗೆದು ನಮ್ಮ ಹುಡುಗಿ ಮುಂದೆ ಇಟ್ಟರು. ಪಕ್ಕದಲ್ಲೇ ಅದೇ ಪುಟ ಅಚ್ಚಾಗಿದ್ದ ಪುಸ್ತಕ. ಮೂಲ ಹಾಳೆ ಅಚ್ಚಿನ ಪುಟಕ್ಕಿಂತ ಸುಮಾರು ದೊಡ್ಡದು, ದಪ್ಪ ಕಾಗದ. ಕಪ್ಪು ಇಂಕಿನ ಗೆರೆಯ ಕೆಳಗೆ ತಿಳಿನೀಲಿ ಪೆನ್ಸಿಲ್ಲಿನ ಗೆರೆಗಳು ಹಾಗೇ ಕಾಣ್ತಿದ್ದವು. ಒಂದು ಕೈಗೆ ಮೂರು ಸಲ ಆಕಾರ ಹುಡುಕಿದ್ದರು, ನಾಲ್ಕನೇ ಗೆರೆಗೆ ಇಂಕು ಹಾಕಿದ್ದರು. ನಾಯಕನ ಕಿವಿ ಇದ್ದ ಕಡೆ ಬಿಳಿ ಬಣ್ಣದ ಒಂದು ತೇಪೆ. ಬೆರಳಿಟ್ಟರೆ ಉಬ್ಬು ತಿಳಿಯುತ್ತೆ. ಕಿವಿ ತಪ್ಪಾಗಿತ್ತು, ಮುಚ್ಚಿ ಮತ್ತೆ ಬಿಡಿಸಿದೆ ಅಂದರು. ಅಚ್ಚಿನಲ್ಲಿ ಆ ನೀಲಿನೂ ಇಲ್ಲ, ತೇಪೆನೂ ಇಲ್ಲ.

ಆ ಹುಡುಗಿ ನನ್ನ ಕ್ಲಾಸಿನಲ್ಲಿ ಒಂದು ಗೆರೆ ತಪ್ಪಿದರೆ ಹಾಳೆನೇ ಹರಿದು ಹಾಕೋಳು. ಎಷ್ಟು ಸಲ ಹೇಳಿದ್ದೆ, ಕೇಳಿರಲಿಲ್ಲ. ಅವತ್ತು ಆ ತೇಪೆಯನ್ನ ಮುಟ್ಟಿ ಮುಟ್ಟಿ ನೋಡಿದಳು. ಅದಾದ ಮೇಲೆ ಹಾಳೆ ಹರಿದದ್ದನ್ನ ನಾನು ನೋಡಿಲ್ಲ. ನಾನು ಹದಿನೇಳು ವರ್ಷ ಪಾಠ ಮಾಡಿ ಹೇಳಲಾರದ್ದನ್ನ ಒಂದು ಹಾಳೆ ಹೇಳಿತು. ಅದಕ್ಕೇ ಇಷ್ಟು ಒತ್ತಾಯ ಮಾಡ್ತಿರೋದು.

ಕನ್ನಡದ ವಿಷಯ. ಇದು ನನಗೆ ನೋವಿನದು. ಅಲ್ಲಿ ಇಂಗ್ಲಿಷ್ ಜಾಸ್ತಿ, ಹಿಂದಿ ಅಲ್ಲಲ್ಲಿ. ನಾನು ಪ್ರತಿ ಮೇಜಿನಲ್ಲೂ ಕನ್ನಡದಲ್ಲಿ ಏನಾದ್ರೂ ಇದೆಯಾ ಅಂತ ಕೇಳ್ತಾ ಹೋದೆ. ಬಹಳ ಕಡೆ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಒಬ್ಬ ಹುಡುಗ ಮಾತ್ರ ಕನ್ನಡದಲ್ಲೇ, "ಬಿಡಿಸೋಕೆ ನಾನು ರೆಡಿ ಸರ್, ಬರೆದುಕೊಡೋರು ಬೇಕು" ಅಂದ. ಇದು ಹೊಸದಾಗಿ ಬೆಳೆಸಬೇಕಾದ ಗಿಡವೂ ಅಲ್ಲ. ಅಮರ ಚಿತ್ರ ಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳವು. ಅದಕ್ಕೇ ಕೃಷ್ಣನ ಕಥೆಗೆ 11ನೇ ನಂಬರು ಬಿತ್ತು. ಅದನ್ನ ದೇಶಕ್ಕೆಲ್ಲ ಮುಟ್ಟಿಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಭಾರತದ ಮೊದಲ ಕಾಮಿಕ್ ಕಾನ್ ದೆಹಲಿಯ ದಿಲ್ಲಿ ಹಾಟ್‌ನಲ್ಲಿ 2011ರ ಫೆಬ್ರವರಿಯಲ್ಲಿ ನಡೆದಾಗ ಅವರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟರು. ಅದೇ ತಿಂಗಳು 24ಕ್ಕೆ ತೀರಿಕೊಂಡರು. ಇಂಥವರ ನಾಡಿನ ಭಾಷೆಯ ಪುಸ್ತಕಕ್ಕೆ ಅಲ್ಲಿ ಎರಡು ಮೇಜು ತುಂಬುವಷ್ಟಾದರೂ ಜಾಗ ಬೇಕು. ನೀವೂ ಹೋದಾಗ ಕನ್ನಡದಲ್ಲಿದೆಯಾ ಅಂತ ಬಾಯಿಬಿಟ್ಟು ಕೇಳಿ. ಕೇಳೋರಿದ್ದಾರೆ ಅಂತ ಗೊತ್ತಾಗಬೇಕು.

ಮಿಕ್ಕಿದ್ದು: ಒಂದು ದಿನ ಸಾಕು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ವಿಜಯನಗರದಿಂದ ಪರ್ಪಲ್ ಲೈನ್ ಮೆಟ್ರೋ ಹತ್ತಿದರೆ ಎಲ್ಲೂ ಬದಲಾಯಿಸದೆ ವೈಟ್‌ಫೀಲ್ಡ್ ಕಡೆ ಇಳಿದು ಆಟೊ ಹಿಡಿಯಬಹುದು. ಬಾಗಿಲು ತೆಗೆಯೋ ಹೊತ್ತಿಗೇ ಇರಿ, ಮಧ್ಯಾಹ್ನದ ಮೇಲೆ ಕಾಲಿಡೋಕೆ ಜಾಗ ಇರಲ್ಲ. ಅಷ್ಟು ಜನ ಸೇರಿದ ಮೇಲೆ ನೆಟ್‌ವರ್ಕ್ ಸಿಗೋದು ಕಷ್ಟ, ಫೋನ್‌ಪೇ ನಂಬಿಕೊಳ್ಳದೆ ಸ್ವಲ್ಪ ನಗದು ಇಟ್ಕೊಳ್ಳಿ.

ಫೋಮ್_ಕವಚ

ಅಕ್ಕಾ, ವೇಷ ಕಡ್ಡಾಯ ಅಲ್ಲ. ಬಹಳ ಜನ ಮಾಮೂಲಿ ಬಟ್ಟೆಯಲ್ಲೇ ಬರ್ತಾರೆ. ನಾನು ಮೂರು ಸಲ ಹಾಕಿದ್ದೀನಿ. ಇವಿಎ ಫೋಮ್ ಅಂತ ಮೆತ್ತನೆ, ಹಗುರ ಶೀಟು ತಂದು, ಕಟರ್‌ನಲ್ಲಿ ಕತ್ತರಿಸಿ, ಹೀಟ್ ಗನ್‌ನಲ್ಲಿ ಬಿಸಿ ಮಾಡಿ ಮೊಣಕಾಲ ಮೇಲೆ ಒತ್ತಿ ಬಾಗಿಸ್ತೀನಿ, ಎದೆಕವಚದ ಆಕಾರ ಬರುತ್ತೆ. ಮಗಳಿಗೆ ಆಸೆ ಇದ್ರೆ ಮೊದಲ ಸಲ ಬಟ್ಟೆಯದ್ದೇ ಹೊಲಿಸಿ, ಫೋಮು ಸೆಕೆ ಜಾಸ್ತಿ. ಲೋಹದ್ದು, ಚೂಪಾದ್ದು ಏನೂ ಬೇಡ, ಬಾಗಿಲಲ್ಲಿ ನೋಡ್ತಾರೆ.

ಹೋದ ಸಲ ನನ್ನ ಭುಜದ ಪಟ್ಟಿ ಗುಂಪಿನಲ್ಲಿ ಕಿತ್ತು ಬಂತು. ನಾಲ್ಕು ತಿಂಗಳು ರಾತ್ರಿ ಕೂತು ಮಾಡಿದ್ದು, ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ರೆಕ್ಕೆ ಕಟ್ಕೊಂಡಿದ್ದ ಒಬ್ಬ ಅಪರಿಚಿತ ಹುಡುಗಿ ತನ್ನ ಬ್ಯಾಗಿನಿಂದ ಪಿನ್ನು, ದಾರ, ಸೂಜಿ ಎಲ್ಲ ತೆಗೆದು, ನೆಲದ ಮೇಲೆ ಕೂರಿಸಿ ಹೊಲಿದುಕೊಟ್ಟಳು. ಅದಕ್ಕೇ ಈಗ ನನ್ನ ಬ್ಯಾಗಿನಲ್ಲೂ ಸೂಜಿ ದಾರ ಇರುತ್ತೆ.

ಇನ್ನೊಂದು, ವೇಷ ಹಾಕಿರೋರ ಫೋಟೋ ತೆಗೆಯೋ ಮುಂಚೆ ಕೇಳಬೇಕು ಅಂತ ಮಗಳಿಗೆ ಹೇಳಿ. ಅವಳೇ ವೇಷ ಹಾಕಿದ್ರೆ, ಇಷ್ಟ ಇಲ್ಲದಿದ್ದಾಗ ಬೇಡ ಅನ್ನೋದನ್ನೂ ಹೇಳಿಕೊಡಿ.

ಮೈಸೂರಿಂದ_ಸ್ಯಾನ್‌ಹೋಸೆ

ಮೇಷ್ಟ್ರು ಹೇಳಿದ ಮಾತು ದೊಡ್ಡ ದೊಡ್ಡ ಕಡೆಗೂ ಸರಿ. ನಾನು ಅಮೆರಿಕದ ಸ್ಯಾನ್ ಡಿಯಾಗೋ ಕಾಮಿಕ್ ಕಾನ್‌ಗೆ ಒಂದು ಸಲ ಹೋಗಿದ್ದೀನಿ. 1970ರಲ್ಲಿ ಒಂದು ಹೋಟೆಲಿನಲ್ಲಿ ಕೆಲವೇ ನೂರು ಜನರಿಂದ ಶುರುವಾದದ್ದು, ಈಗ 1,30,000ಕ್ಕೂ ಹೆಚ್ಚು ಜನ. ಬಾಗಿಲಲ್ಲಿ ಟಿಕೆಟ್ ಮಾರಲ್ಲ, ತಿಂಗಳುಗಟ್ಟಲೆ ಮೊದಲೇ ಆನ್‌ಲೈನ್ ಸರದಿಯಲ್ಲಿ ಅದೃಷ್ಟ ಇದ್ದವರಿಗೆ ಸಿಗುತ್ತೆ. ಸಿನಿಮಾದವರು ಬರೋ ಹಾಲ್ ಎಚ್‌ನಲ್ಲಿ ಸುಮಾರು 6,500 ಸೀಟು. ಅದಕ್ಕೋಸ್ಕರ ರಾತ್ರಿಯೆಲ್ಲ ಹೊರಗೆ ಕಡಲ ಗಾಳಿಯಲ್ಲಿ ಮಲಗಿದ್ದೆ. ಒಳಗೆ ಸೀಟು ಸಿಕ್ಕಿದ್ದು ಎಷ್ಟು ಹಿಂದೆ ಅಂದ್ರೆ, ವೇದಿಕೆ ಮೇಲಿನವರನ್ನ ಪರದೆಯಲ್ಲೇ ನೋಡಿದ್ದು.

ಇವತ್ತಿಗೂ ನನ್ನ ಮನೆ ಗೋಡೆ ಮೇಲಿರೋದು ಮಾತ್ರ ಕಲಾವಿದರ ಸಾಲಿನಲ್ಲಿ ಸಿಕ್ಕ ಒಂದು ಚಿತ್ರ. ನಿಮ್ಮ ಹೆಸರು ಯಾವ ಲಿಪಿಯಲ್ಲಿ ಬರೀಲಿ ಅಂತ ಆ ವಯಸ್ಸಾದ ಕಲಾವಿದರು ಕೇಳಿದರು. ಫೋನಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದೆ. ಎರಡು ನಿಮಿಷ ಅಕ್ಷರದ ಸುಳಿಗಳನ್ನೇ ನೋಡಿ, ಬೇರೆ ಚೀಟಿಯಲ್ಲಿ ಎರಡು ಸಲ ತಿದ್ದಿ, ಆಮೇಲೆ ಕುಂಚದಲ್ಲಿ ಬರೆದರು. ಒತ್ತಕ್ಷರನೂ ತಪ್ಪಿಲ್ಲ.

ಬೆಣ್ಣೆನಗರಿ_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ನೀವು ಬರೆದ ಬಿಳಿ ತೇಪೆ ವಿಷಯವನ್ನ ಯಜಮಾನ್ರಿಗೆ ಜೋರಾಗಿ ಓದಿ ಹೇಳಿದೆ. ಸುಮ್ನೆ ಕೇಳಿಸ್ಕೊಂಡ್ರು, ಆಮೇಲೆ ರೈಲು ಎಷ್ಟೊತ್ತಿಗಿದೆ ಅಂತ ಕೇಳಿದ್ರು. ಮಗಳದ್ದು ಒಂದೇ ಪ್ರಶ್ನೆ: ಅವಳ ನೋಟ್‌ಬುಕ್ ಅಲ್ಲಿ ಕೂತಿರೋ ಕಲಾವಿದರಿಗೆ ತೋರಿಸಬಹುದಾ, ಬೈತಾರಾ?

ಡ್ರಾಯಿಂಗ್_ಮೇಷ್ಟ್ರು

ಖಂಡಿತ ತೋರಿಸಲಿ. ನಾಲ್ಕು ನೋಟ್‌ಬುಕ್ಕೂ ಬೇಡ. ಆ ಕೆರೆ ಕಥೆಯಿಂದಲೇ ನಾಲ್ಕೈದು ಪುಟ, ಒಂದಾದ ಮೇಲೊಂದು ಓದಿಸಿಕೊಂಡು ಹೋಗೋ ಹಾಗೆ. ಬಿಡಿ ಮುಖಗಳಿಗಿಂತ ಪುಟ ಕಟ್ಟಿರೋದು ನೋಡೋಕೆ ಅವರಿಗೆ ಇಷ್ಟ. ಬೆಳಿಗ್ಗೆ ಜನ ಕಡಿಮೆ ಇರೋವಾಗ, ಮೊದಲು ಅವರ ಪುಸ್ತಕ ನೋಡಿ, ಆಮೇಲೆ ಕೇಳಲಿ. ನಮ್ಮ ಹುಡುಗಿಗೆ ಒಬ್ಬರು ಹತ್ತು ನಿಮಿಷ ಕೂತು, ಮಾತಿನ ಗುಳ್ಳೆ ಎಲ್ಲಿ ಇಟ್ಟರೆ ಕಣ್ಣು ಮುಂದಿನ ಚೌಕಕ್ಕೆ ಹೋಗುತ್ತೆ ಅಂತ ಹೇಳಿಕೊಟ್ಟರು. ಅಂದಹಾಗೆ, ಆ ಗುಳ್ಳೆಗಳಲ್ಲಿ ನಿಮ್ಮ ಮಗಳು ಯಾವ ಭಾಷೆ ಬರೀತಾಳೆ?

ಬೆಣ್ಣೆನಗರಿ_ಅಮ್ಮ

ಇಷ್ಟು ದಿನ ಇಂಗ್ಲಿಷಲ್ಲಿ ಬರೀತಿದ್ಲು ಸರ್. ನಿಮ್ಮ ಉತ್ತರ ಓದಿದ ಮೇಲೆ ನಿನ್ನೆ ರಾತ್ರಿ ರಬ್ಬರ್ ಹಿಡ್ಕೊಂಡು ಕೂತಿದ್ಲು. ಹುಡುಗಿಯ ಮಾತೆಲ್ಲ ಕನ್ನಡ ಆಯ್ತು. ಹಕ್ಕಿಗಳದ್ದು ಯಾವ ಭಾಷೆ ಅಂದೆ. ಕುಂದವಾಡ ಕೆರೆ ಹಕ್ಕಿ ಅಲ್ವಾ, ದಾವಣಗೆರೆ ಕನ್ನಡಾನೇ ಮಾತಾಡ್ತಾವೆ ಅಂದ್ಲು. ಟಿಕೆಟ್ ಬಿಟ್ಟಿದ್ದು ಯಾರಿಗಾದ್ರೂ ಮೊದಲು ಗೊತ್ತಾದ್ರೆ ಇಲ್ಲೇ ಒಂದು ಮಾತು ಹಾಕಿ.